ಕುಶಾಲನಗರದ ಹೊರಗೆ ಹುಲ್ಲಿನ ರನ್‌ವೇ: ಹತ್ತು ನಿಮಿಷದ ಹಾರಾಟ

ಅಮ್ಮನಿಗೆ 68 ವರ್ಷ, ಮಂಡಿ ನೋವು ಬೇರೆ. ವಿಮಾನ ಹತ್ತಿದ್ದೇ ಇಲ್ಲ. ನಮ್ಮ ಕೊಡಗಿಗೆ ವಿಮಾನ ನಿಲ್ದಾಣ ಇಲ್ಲ, ರೈಲೂ ಇಲ್ಲ ಅಲ್ವಾ? ಕುಶಾಲನಗರದ ಹೊರಗೆ ಖಾಸಗಿ ಬಯಲೊಂದರಿಂದ ಮೈಕ್ರೋಲೈಟ್ ಅನ್ನುವ ಪುಟ್ಟ ವಿಮಾನದಲ್ಲಿ ಹಾರಿಸುತ್ತಾರೆ ಅಂತ ಗೊತ್ತಾಯಿತು. ಕಾಫಿ ಕುಯ್ಲಿನ ಮಧ್ಯೆಯೇ ಒಂದು ಭಾನುವಾರ ಬಿಡುವು ಮಾಡಿಕೊಂಡು ಕರೆದುಕೊಂಡು ಹೋದೆ.

ಹತ್ತು ನಿಮಿಷಕ್ಕೆ 2,500 ರೂಪಾಯಿ. ಜಾಸ್ತಿ ಅನ್ನಿಸಬಹುದು, ನನಗೆ ಅನ್ನಿಸಲಿಲ್ಲ. ಬೆಳಿಗ್ಗೆ ಬೇಗ ಹೋಗಿ. ಮಂಜು ಸರಿಯುವವರೆಗೆ ಹಾರಿಸುವುದಿಲ್ಲ, ಬಿಸಿಲೇರಿ ಗಾಳಿ ಎದ್ದ ಮೇಲೂ ಇಲ್ಲ. ಸೀಟು ಎರಡೇ, ಹಾಗಾಗಿ ಒಬ್ಬೊಬ್ಬರೇ ಹತ್ತಬೇಕು.

ಪೈಲಟ್ ತುಂಬಾ ತಾಳ್ಮೆಯ ಮನುಷ್ಯ. ಫ್ಯಾನು ತಿರುಗುವುದು ಬೆನ್ನ ಹಿಂದೆಯೇ. ಒಂದು ಹೇರ್‌ಪಿನ್ ಸಡಿಲವಾಗಿ ಹಾರಿದರೂ ಅಪಾಯ. ಅಮ್ಮನ ಸೆರಗು ಒಳಗೆ ಸಿಕ್ಕಿಸಿ ಮೇಲೊಂದು ಜಾಕೆಟ್ ಹಾಕಿಸಿದರು. ಮುಡಿದಿದ್ದ ಮಲ್ಲಿಗೆ ತೆಗೆಸಿ ನನ್ನ ಕೈಗೆ ಕೊಡಿಸಿದರು. ಬೆಲ್ಟನ್ನು ಎರಡು ಸಲ ಎಳೆದು ನೋಡಿದರು.

ಇಳಿದವಳೇ ಅಮ್ಮ, "ನಮ್ಮ ಕಣ ಕಾಣ್ತು ಕಣೇ! ನೀಲಿ ಟಾರ್ಪಾಲು ಮಡಿಸದೆ ಹಾಗೇ ಬಿಟ್ಟಿದ್ದಾರೆ" ಅಂದಳು. ಆಮೇಲೆ ನಾನೂ ಹಾರಿದೆ. ಕೆಳಗೆ ಕಾವೇರಿ, ಆಚೆ ಬೈಲಕುಪ್ಪೆಯ ದೇವಸ್ಥಾನದ ಚಿನ್ನದ ಬಣ್ಣದ ಮಾಡು, ಈಚೆ ಹಾರಂಗಿ ನೀರು. ಇಷ್ಟು ವರ್ಷ ಇಲ್ಲೇ ಇದ್ದೂ ಇವೆಲ್ಲ ಇಷ್ಟು ಹತ್ತಿರ ಹತ್ತಿರ ಇವೆ ಅಂತ ಗೊತ್ತಿರಲಿಲ್ಲ.

ಬೇಸರ ಆಗಿದ್ದು ರನ್‌ವೇ ತುದಿ ನೋಡಿ. ಬೇಲಿ ದಾಟಿದ ಕೂಡಲೇ ಸೈಟ್ ಕಲ್ಲುಗಳು, ಹಳದಿ ಬಣ್ಣದಲ್ಲಿ ನಂಬರ್. 14 ಎಣಿಸಿದೆ. ಅಣ್ಣತಮ್ಮಂದಿರ ಪಾಲಾಗಿ ಒಂದು ಭಾಗ ಲೇಔಟ್‌ಗೆ ಹೋಗಿದೆಯಂತೆ. ಮಾರಿದವರನ್ನು ನಾನು ದೂರುವುದಿಲ್ಲ. ಗದ್ದೆಗೆ ಆಳು ಸಿಗುವುದಿಲ್ಲ, ಸೈಟಿಗಾದರೆ ಸೆಂಟಿನ ಲೆಕ್ಕದಲ್ಲಿ ದುಡ್ಡು ಸಿಗುತ್ತದೆ. ಆದರೆ ರನ್‌ವೇ ಒಂದು ಉಳಿದರೆ ಸಾಲದು. ಎರಡೂ ತುದಿಯಾಚೆ ಖಾಲಿ ಇರಬೇಕು. ಎಂಜಿನ್ ನಿಂತರೆ ಇಳಿಯಲು ಬಯಲು ಬೇಕು. "ಅಲ್ಲಿ ಎರಡಂತಸ್ತಿನ ಒಂದು ಮನೆ ಎದ್ದರೂ ಸಾಕಮ್ಮಾ, ಮುಗೀತು" ಅಂದರು ಪೈಲಟ್. ಬೆಂಗಳೂರಿನ ಜಕ್ಕೂರು ಸರ್ಕಾರದ್ದೇ ಏರೋಡ್ರೋಮ್. ಅಲ್ಲೇ ಪಕ್ಕದಲ್ಲಿ ಮೇಲ್ಸೇತುವೆ ಎದ್ದು ರನ್‌ವೇಗೆ ತೊಂದರೆಯಾಯಿತು. ಇನ್ನು ಗುತ್ತಿಗೆ ಜಾಗದ ಹುಲ್ಲಿನ ಪಟ್ಟಿಯನ್ನು ಕೇಳುವವರು ಯಾರು?

ನಾವಿದ್ದಷ್ಟು ಹೊತ್ತೂ ಬೇಲಿ ಮೇಲೆ ಐದಾರು ಹುಡುಗರು ಕೂತು ನೋಡುತ್ತಿದ್ದರು. 1965ರ ಯುದ್ಧದಲ್ಲಿ ಹಳೇ ಮಿಸ್ಟೇರ್ ವಿಮಾನದಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನದ ವಿರುದ್ಧ ಹೋರಾಡಿದ ಅಜ್ಜಮಾಡ ದೇವಯ್ಯ ನಮ್ಮ ಕೊಡಗಿನವರು. ಈ ಹುಡುಗರಿಗೆ ವಿಮಾನವನ್ನು ಕೈಗೆಟಕುವಷ್ಟು ಹತ್ತಿರದಿಂದ ನೋಡಲು ಬೇರೆ ಜಾಗ ಎಲ್ಲಿದೆ?

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಶೌಚಾಲಯ ಇಲ್ಲ, ಕೂರಲು ನೆರಳಿಲ್ಲ, ವಯಸ್ಸಾದವರಿಗೆ ಕಷ್ಟ. ಮಳೆಗಾಲದಲ್ಲಿ ಹೇಗೂ ಹಾರಾಟ ಇಲ್ಲ. ಅಕ್ಟೋಬರ್‌ಗೆ ಮತ್ತೆ ಶುರು ಮಾಡ್ತೀರಾ ಅಂತ ಕೇಳಿದೆ. ಪೈಲಟ್ ಆ ಕಲ್ಲುಗಳ ಕಡೆ ನೋಡಿದರು, ಏನೂ ಹೇಳಲಿಲ್ಲ. ಮನಸ್ಸಿದ್ದವರು ಮೇ ತಿಂಗಳ ಒಳಗೇ ಹೋಗಿ ಬನ್ನಿ.