ಕ್ರಿಕಟ್ ಜಾಯ್, ಸಿಲೂಯೆಟ್ ಪೋರ್ಟ್ರೇಟ್: ಡಬ್ಬಿ ಮೇಲೆ ಕನ್ನಡ ಅಂಟಿಸೋಕೆ ಯಾವುದು?

ಅಡುಗೆಮನೆ ಡಬ್ಬಿಗಳಿಗೆಲ್ಲ ಕನ್ನಡದಲ್ಲಿ ಹೆಸರು ಅಂಟಿಸಬೇಕು ಅಂತ ನನಗೆ ಆಸೆ. ಅದಕ್ಕೇ ಕ್ರಿಕಟ್ ಜಾಯ್ ಅನ್ನೋ ಪುಟ್ಟ ಕತ್ತರಿಸುವ ಮೆಷಿನ್ ತಗೊಂಡೆ. (ಉಚ್ಚಾರ 'ಕ್ರಿಕೆಟ್' ಅಂತಲೇ. ಮೆಷಿನ್ ಬಂತು ಅಂದರೆ ನಮ್ಮನೆಯವರು ಬ್ಯಾಟ್ ಎಲ್ಲಿ ಅಂದರು.) ನಾದಿನಿ ಹತ್ತಿರ ಅಂಥದ್ದೇ ಇನ್ನೊಂದು ಮೆಷಿನ್, ಸಿಲೂಯೆಟ್ ಪೋರ್ಟ್ರೇಟ್ 3 ಇತ್ತು. ಹದಿನೈದು ದಿನ ಅದಲುಬದಲು ಮಾಡಿಕೊಂಡೆವು.

ಎರಡರ ಕೆಲಸವೂ ಒಂದೇ. ಪುಟ್ಟ ಬ್ಲೇಡು ಮೇಲಿನ ವಿನೈಲನ್ನು (ಅಂಟಿರುವ ತೆಳು ಪ್ಲಾಸ್ಟಿಕ್ ಹಾಳೆ) ಕತ್ತರಿಸುತ್ತದೆ, ಕೆಳಗಿನ ಕಾಗದವನ್ನು ಹಾಗೇ ಬಿಡುತ್ತದೆ. ಬೇಡದ ಚೂರುಗಳನ್ನು ನಾವು ಕಿತ್ತು, ಉಳಿದ ಅಕ್ಷರವನ್ನು ಟ್ರಾನ್ಸ್‌ಫರ್ ಟೇಪಿನಲ್ಲಿ ಎತ್ತಿ ಡಬ್ಬಿಗೆ ಒತ್ತಬೇಕು.

ಜಾಯ್ ಗಾತ್ರದಲ್ಲಿ ಚಿಕ್ಕದು, ಒಂದೂ ಬಟನ್ ಇಲ್ಲ, ಎಲ್ಲ ಫೋನಿನಿಂದಲೇ ನಡೆಯುತ್ತದೆ. ಆದರೆ ಅಗಲ 5.5 ಇಂಚು ಅಷ್ಟೇ. ಹಾಳೆ ಅಲುಗದಂತೆ ಹಿಡಿಯುವ ಅಂಟಿನ ಮ್ಯಾಟ್ ಮೇಲೆ ಇಟ್ಟರೆ 4.5. ಪೋರ್ಟ್ರೇಟ್ 8 ಇಂಚು ಕತ್ತರಿಸುತ್ತದೆ, ಎ4 ಹಾಳೆ ಆರಾಮಾಗಿ ಹೋಗುತ್ತದೆ. ಪ್ರಿಂಟ್ ಮಾಡಿದ ಚಿತ್ರದ ಗುರುತು ನೋಡಿಕೊಂಡು ಅದರ ಸುತ್ತ ಕತ್ತರಿಸುವುದೂ ಅದಕ್ಕೆ ಗೊತ್ತು. ಜಾಯ್‌ಗೆ ಗೊತ್ತಿಲ್ಲ. ಇಷ್ಟು ನೋಡಿದರೆ ಪೋರ್ಟ್ರೇಟೇ ಗೆದ್ದಂತೆ, ಅಲ್ವಾ?

ಆದರೆ ನನಗೆ ಬೇಕಿದ್ದದ್ದು 'ಸಾಸಿವೆ', 'ಉದ್ದಿನಬೇಳೆ'. ಫಾಂಟಿನಲ್ಲಿ ಅಕ್ಷರಕ್ಕೆ ಗುಣಿತದ ಚಿಹ್ನೆ ಸೇರುವ ಕಡೆ ಎರಡು ಗೆರೆ ಒಂದರ ಮೇಲೊಂದು ಕೂತಿರುತ್ತವೆ. ಪರದೆಯಲ್ಲಿ ಕಾಣುವುದಿಲ್ಲ, ಬ್ಲೇಡಿಗೆ ಕಾಣುತ್ತದೆ. ಸೀದಾ ಕಳಿಸಿದರೆ ಆ ಜಾಗದಲ್ಲಿ ಅಕ್ಷರ ತುಂಡಾಗುತ್ತದೆ. ಹಾಗಾಗಿ ಇಂಕ್‌ಸ್ಕೇಪ್‌ನಲ್ಲಿ ಬರೆಯಿರಿ, ಅದು ಚಿತ್ರ ಬಿಡಿಸುವ ಉಚಿತ ಸಾಫ್ಟ್‌ವೇರ್. ಬರೆದದ್ದನ್ನು ಪಾತ್ (ಅಂದರೆ ಬರೀ ಗೆರೆ) ಮಾಡಿ, ಯೂನಿಯನ್ ಒತ್ತಿ ಒಂದರ ಮೇಲೊಂದು ಕೂತದ್ದನ್ನು ಒಂದಾಗಿಸಿ, ಚಿತ್ರವನ್ನು ಗೆರೆಗಳಾಗಿ ಇಡುವ ಎಸ್‌ವಿಜಿ ಫೈಲಾಗಿ ಉಳಿಸಿ. ದ್ದ ಒತ್ತು ಬೇರೆ ಚೂರಾಗಿಯೇ ಇರುತ್ತದೆ, ಟ್ರಾನ್ಸ್‌ಫರ್ ಟೇಪ್ ಅದನ್ನು ಜಾಗ ಬಿಡದಂತೆ ಹಿಡಿಯುತ್ತದೆ. ಕೀಳುವಾಗ ಮಾತ್ರ ಕೈ ಹಗುರ ಇರಲಿ. ಅಕ್ಷರದ ಎತ್ತರ ಎರಡು ಸೆಂಟಿಮೀಟರಿಗಿಂತ ಕಡಿಮೆಯಾದರೆ ನನ್ನ ತಾಳ್ಮೆ ಸಾಲಲಿಲ್ಲ.

ಆ ಫೈಲನ್ನು ಕ್ರಿಕಟ್‌ನ ಆ್ಯಪ್ ಡಿಸೈನ್ ಸ್ಪೇಸ್ ದುಡ್ಡಿಲ್ಲದೆ ತಗೊಳ್ಳುತ್ತದೆ. ಪೋರ್ಟ್ರೇಟಿನ ಸಾಫ್ಟ್‌ವೇರ್ ಸಿಲೂಯೆಟ್ ಸ್ಟುಡಿಯೋದ ಉಚಿತ ಆವೃತ್ತಿ ಎಸ್‌ವಿಜಿ ತೆರೆಯುವುದಿಲ್ಲ, ಅದಕ್ಕೆ ದುಡ್ಡು ಕೊಟ್ಟು ಡಿಸೈನರ್ ಎಡಿಷನ್ ತಗೋಬೇಕು. ಇಲ್ಲವಾದರೆ ಡಿಎಕ್ಸ್‌ಎಫ್ ಅನ್ನೋ ಇನ್ನೊಂದು ಬಗೆಯ ಫೈಲಾಗಿ ಉಳಿಸಿ, ಅಥವಾ ದೊಡ್ಡ ಪಿಎನ್‌ಜಿ ಚಿತ್ರ ಹಾಕಿ ಟ್ರೇಸ್ ಮಾಡಿ, ಅಂದರೆ ಚಿತ್ರದ ಅಂಚನ್ನು ಗೆರೆಯಾಗಿ ತೆಗೆಸಿ. ನಾನು ಟ್ರೇಸ್ ಮಾಡಿದೆ. ಕೆಲಸ ಆಯ್ತು, ಹೆಚ್ಚು ಹೊತ್ತು ಹಿಡಿಯಿತು.

ಹಾಗಂತ ಡಿಸೈನ್ ಸ್ಪೇಸ್ ಪೂರ್ತಿ ಮೆಚ್ಚಿಗೆಯಿಲ್ಲ. ಲಾಗಿನ್ ಬೇಕು, ಹೆಚ್ಚಿನ ಕೆಲಸಕ್ಕೆ ಇಂಟರ್ನೆಟ್ ಬೇಕು. 2021ರ ಮಾರ್ಚಿನಲ್ಲಿ ಕಂಪನಿ, ದುಡ್ಡು ಕೊಡದವರಿಗೆ ತಿಂಗಳಿಗೆ 20 ಅಪ್‌ಲೋಡ್ ಮಾತ್ರ ಅಂತ ಹೇಳಿ, ಬಳಸುವವರು ಗಲಾಟೆ ಮಾಡಿದ ಮೇಲೆ ಹಿಂದಕ್ಕೆ ತಗೊಂಡಿತು. ಸ್ಟುಡಿಯೋ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ, ನೆಟ್ ಹೋದರೂ ಕತ್ತರಿಸಬಹುದು.

ಯಾವುದೇ ತಗೊಳ್ಳಿ, ಮೊದಲು ಮೂಲೆಯಲ್ಲೊಂದು ಪುಟ್ಟ ಚೌಕ ಕತ್ತರಿಸಿ ನೋಡಿ. ನಾನು ಅವಸರದಲ್ಲಿ ಆಳ ಜಾಸ್ತಿ ಇಟ್ಟು ನಾದಿನಿಯ ಮ್ಯಾಟಿಗೇ 'ಮೆಂತ್ಯ' ಅಂತ ಕೊರೆದಿಟ್ಟಿದ್ದೇನೆ.

ಡಬ್ಬಿಗಳಿಗಾಗಿ ಜಾಯ್ ಉಳಿಸಿಕೊಂಡೆ. ದಸರಾ ಗೊಂಬೆಗಳ ಹಿಂದೆ ನಿಲ್ಲಿಸುವ ಕಾಗದದ ಕಮಾನುಗಳಿಗೆ ಪೋರ್ಟ್ರೇಟೇ ಬೇಕು, ಕೇಳಿಟ್ಟಿದ್ದೇನೆ. ಹೊಸ ಮ್ಯಾಟ್ ತಂದುಕೊಟ್ಟರೆ ಕೊಡ್ತೀನಿ ಅಂದಿದ್ದಾಳೆ.