ಬೀಟೆ ಇನ್‌ಲೇ ಡ್ರಾಯರಿಗೆ ಯಾವ ಹಿಡಿ? ಮೂರನ್ನೂ ಹಾಕಿ ನೋಡಿದೆ

ನಮ್ಮ ಮನೆಯಲ್ಲಿ ಮೂರು ಡ್ರಾಯರಿನ ಒಂದು ಬೀಟೆ ಪೆಟ್ಟಿಗೆ ಇದೆ. ಮಾವನವರು ಮೈಸೂರಿನಲ್ಲಿ ಮಾಡಿಸಿದ್ದು. ಮೂರು ಡ್ರಾಯರಿನ ಮೇಲೂ ಬೇರೆ ಬೇರೆ ಮರದ ತುಂಡು ಕೂರಿಸಿ ಮಾಡಿದ ಇನ್‌ಲೇ ಚಿತ್ರ: ಆನೆಗಳು, ತೆಂಗಿನ ಮರ, ಒಂದು ಹೊಳೆ. ಹಿಡಿ ಮಾತ್ರ ಇರಲಿಲ್ಲ. ಕೆಳಗಿನ ಅಂಚಿಗೆ ಬೆರಳು ಕೊಟ್ಟು ಎಳೆದೂ ಎಳೆದೂ ಅಲ್ಲಿ ಪಾಲಿಶ್ ಪೂರ್ತಿ ಸವೆದಿತ್ತು. ಹಿಡಿ ಹಾಕಿಸಲೇಬೇಕು ಅಂದುಕೊಂಡೆ. ಯಾವುದು ಒಳ್ಳೆಯದು ಅಂತ ಗೊತ್ತಾಗಲಿಲ್ಲ. ಒಂದೊಂದು ಡ್ರಾಯರಿಗೆ ಒಂದೊಂದು ಬಗೆ ಹಾಕಿಸಿ ಎರಡು ವರ್ಷ ಬಳಸಿದೆ.

ಮೈಸೂರಿನ ಇನ್‌ಲೇಯಲ್ಲಿ ಬಣ್ಣ ಬಹುತೇಕ ಮರದ್ದೇ. ಹಳದಿ ಬೇಕಾದಲ್ಲಿ ಹಲಸು ಬರುತ್ತದೆ. ಸಣ್ಣ ಗರಗಸದಲ್ಲಿ ತುಂಡು ಕತ್ತರಿಸುತ್ತಾರೆ, ಬೀಟೆಯಲ್ಲಿ ಅದೇ ಆಕಾರದ ಗುಂಡಿ ತೋಡುತ್ತಾರೆ, ಅಂಟು ಹಾಕಿ ಕೂರಿಸಿ ಉಜ್ಜುತ್ತಾರೆ. ಹಿಂದೆ ಆನೆದಂತವನ್ನೂ ಕೂರಿಸುತ್ತಿದ್ದರು. ಮೈಸೂರು ಅರಮನೆಯ ಅಂಬಾವಿಲಾಸ ಸಭಾಂಗಣದ ಬೀಟೆ ಬಾಗಿಲಲ್ಲಿ ಅದನ್ನು ಈಗಲೂ ನೋಡಬಹುದು. ಇಂಥ ಚಿತ್ರದ ಮಧ್ಯೆ ತೂತು ಕೊರೆಯಬೇಕು ಅಂದರೆ ಕೈ ನಡುಗುತ್ತದೆ. ಒಮ್ಮೆ ಕೊರೆದರೆ ಮುಗಿಯಿತು, ಅಲ್ವಾ?

ಮೇಲಿನ ಡ್ರಾಯರಿಗೆ ಆನ್‌ಲೈನಿನಲ್ಲಿ ತರಿಸಿದ ‘ಆಂಟಿಕ್’ ಹಿಡಿ ಹಾಕಿಸಿದೆ. ಹಿತ್ತಾಳೆ ಅಂತ ಬರೆದಿದ್ದರು, ಬಂದದ್ದು ಜಿಂಕ್ ಮೇಲೆ ಲೇಪ. ಅಯಸ್ಕಾಂತ ಇಟ್ಟು ನೋಡಿದರೆ ಇದು ಗೊತ್ತಾಗುವುದಿಲ್ಲ, ಎರಡಕ್ಕೂ ಅಂಟುವುದಿಲ್ಲ. ಹಿಂಬದಿಯಲ್ಲಿ ಸ್ಕ್ರೂ ಕೂರುವ ಕಡೆ ಸ್ವಲ್ಪ ಕೆರೆದು ನೋಡಿ. ಒಳಗೆ ಬೂದು ಬಣ್ಣ ಕಂಡರೆ ಜಿಂಕ್, ಹಳದಿ ಕಂಡರೆ ಹಿತ್ತಾಳೆ. ಎಂಟೇ ತಿಂಗಳಲ್ಲಿ ಬೆರಳು ತಾಗುವ ಜಾಗದಲ್ಲಿ ಲೇಪ ಎದ್ದಿತು. ಮೇಲಾಗಿ ಇದಕ್ಕೆ ಎರಡು ತೂತು, ನಡುವೆ 96 ಮಿಲಿಮೀಟರ್. ತೆಗೆದ ಮೇಲೆ ಆನೆಗಳ ಮೇಲಿನ ಆಕಾಶದಲ್ಲಿ ಎರಡು ಕಣ್ಣು ಬಿಟ್ಟ ಹಾಗೆ ತೂತು ಉಳಿದವು.

ನಡುವಿನದಕ್ಕೆ ಗಟ್ಟಿ ಹಿತ್ತಾಳೆ. ಎರಕದ ತಟ್ಟೆ, ಅದರಿಂದ ಇಳಿಬಿದ್ದ ಬಳೆ. ಕೈಗೆ ಸಿಕ್ಕಾಗ ಎಂಥ ಸುಖ! ತೂಕ, ತಂಪು, ಬೀಟೆಯ ಕಪ್ಪು ಕಂದಿನ ಮೇಲೆ ಆ ಹಳದಿ. ಆದರೆ ಜೊತೆಗೆ ಕೊಟ್ಟ ಹಿತ್ತಾಳೆ ಸ್ಕ್ರೂಗಳು ಮೆತ್ತಗೆ, ಬೀಟೆ ಮಹಾ ಗಟ್ಟಿ. ಮೊದಲನೆಯದರ ತಲೆ ಮುರಿದು ಕಾಲು ಒಳಗೇ ಉಳಿಯಿತು. ಆಮೇಲೆ ಬಡಗಿಯೊಬ್ಬರು ದಾರಿ ತೋರಿಸಿದರು. ಮೊದಲು ಸಣ್ಣ ತೂತು ಕೊರೆಯಿರಿ. ಅದೇ ಅಳತೆಯ ಉಕ್ಕಿನ ಸ್ಕ್ರೂ ತಿರುಗಿಸಿ ದಾರಿ ಮಾಡಿ, ಅದನ್ನು ತೆಗೆಯಿರಿ. ಆಮೇಲೆ ಹಿತ್ತಾಳೆಯದಕ್ಕೆ ಮೇಣ ಸವರಿ ಹಾಕಿ. ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು.

ಹಿತ್ತಾಳೆಯ ನಿಜವಾದ ತೊಂದರೆ ಬೇರೆ. ತಟ್ಟೆ ಚಿತ್ರವನ್ನು ಮುಚ್ಚುತ್ತದೆ, ನಮ್ಮ ಆನೆಯೊಂದರ ಸೊಂಡಿಲು ಅದರಡಿ ಹೋಯಿತು. ಬಳೆ ಪ್ರತಿ ಸಲ ಬಿಟ್ಟಾಗಲೂ ಮರಕ್ಕೆ ಬಡಿಯುತ್ತದೆ. ಬೀಟೆಗೆ ಏನೂ ಆಗಲಿಲ್ಲ. ಬಡಿಯುವ ಜಾಗದಲ್ಲಿ ಕೂರಿಸಿದ್ದ ಬಿಳಿಚು ಮರದ ತುಂಡು ಮೆತ್ತಗಿನದು, ಉಗುರಿನ ಗಾತ್ರದ ತಗ್ಗು ಬಿತ್ತು. ಇನ್ನೊಂದು ಮಾತು: ಹಿತ್ತಾಳೆ ಪಾಲಿಶ್ ಹಚ್ಚುವಾಗ ಹಿಡಿಯನ್ನು ಬಿಚ್ಚಿಕೊಳ್ಳಿ. ನಾನು ಬಿಚ್ಚದೆ ಉಜ್ಜಿದೆ. ಚಿತ್ರದ ಸಂದಿಸಂದಿಯಲ್ಲಿ ಬಿಳಿ ಪುಡಿ ಕೂತಿತು. ಹಲ್ಲುಜ್ಜುವ ಬ್ರಷ್ ಹಿಡಿದು ಒಂದು ಭಾನುವಾರ ಇಡೀ ತೆಗೆದೆ.

ಕೆಳಗಿನ ಡ್ರಾಯರಿಗೆ ಚನ್ನಪಟ್ಟಣದ ಅರಗಿನ ಗುಬುಟು. ಬೊಂಬೆ ಮಾಡುವ ಹಾಗೇ ಇದನ್ನೂ ಕಡೆಯುತ್ತಾರೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ಉಜ್ಜಾಟದ ಬಿಸಿಗೇ ಅರಗು ಕರಗಿ ಹಿಡಿಯುತ್ತದೆ, ಆಮೇಲೆ ತಾಳೆಗರಿ ಒತ್ತಿ ಹೊಳಪು ತರುತ್ತಾರೆ. ಒಂದೇ ತೂತು ಸಾಕು, ಹಗುರ, ಎಲ್ಲಿಗೂ ಬಡಿಯುವುದಿಲ್ಲ. ಮೊದಲು ಕೆಂಪು ತಂದಿದ್ದೆ. ತಪ್ಪಾಯಿತು, ಕಣ್ಣು ಚಿತ್ರ ಬಿಟ್ಟು ಅಲ್ಲಿಗೇ ಓಡುತ್ತಿತ್ತು. ಕಂದು ಬಣ್ಣದ್ದು ಹಾಕಿದ ಮೇಲೆ ಸರಿಹೋಯಿತು. ಎಚ್ಚರ ಒಂದೇ: ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಒದ್ದೆ ಕೈಯಲ್ಲಿ ಮುಟ್ಟಬೇಡಿ. ಅದರ ಆಲ್ಕೋಹಾಲಿಗೆ ಅರಗು ಕರಗುತ್ತದೆ. ನಮ್ಮದರ ಮೇಲೆ ಮಗಳ ಹೆಬ್ಬೆರಳಿನ ಗುರುತು ಹಾಗೇ ಉಳಿದಿದೆ.

ನನ್ನ ಕೇಳಿದರೆ ಇನ್‌ಲೇ ಇರುವ ಮುಖಕ್ಕೆ ಚನ್ನಪಟ್ಟಣದ್ದೇ ಸರಿ. ಹಿತ್ತಾಳೆಯನ್ನು ಚಿತ್ರವಿಲ್ಲದ ದೇವರ ಕೋಣೆ ಬೀರುವಿಗೆ ಹಾಕಿದೆ, ಅಲ್ಲಿ ಅದು ರಾಜನ ಹಾಗಿದೆ. ಜಿಂಕ್ ಬೇಡವೇ ಬೇಡ.

ಮೇಲಿನ ಡ್ರಾಯರಿನ ಎರಡು ತೂತಿಗೆ ಏನು ಮಾಡುವುದು ಅಂತ ಇನ್‌ಲೇ ಮಾಡುವ ಹಿರಿಯರೊಬ್ಬರನ್ನು ಕೇಳಿದೆ. ಅವರು ಬೀಟೆಯ ಬಿರಡೆ ಹಾಕಲಿಲ್ಲ. ಹಲಸಿನ ಮರದಲ್ಲಿ ಎರಡು ಪುಟ್ಟ ಹಕ್ಕಿ ಕತ್ತರಿಸಿ, ತೂತಿನ ಸುತ್ತ ಅದೇ ಆಕಾರ ತೋಡಿ ಕೂರಿಸಿದರು. ಈಗ ಆನೆಗಳ ಮೇಲೆ ಎರಡು ಹಳದಿ ಹಕ್ಕಿ ಹಾರುತ್ತಿವೆ.