ಜಿ-ಕೋಡ್‌ಗೆ ಬಣ್ಣ ಹಚ್ಚಲು ಯಾವ ಎಡಿಟರ್? ನೋಟ್‌ಪ್ಯಾಡ್ ಪ್ಲಸ್‌ಪ್ಲಸ್, ವಿಮ್, ವಿಎಸ್ ಕೋಡ್

ಸಿಎನ್‌ಸಿ ಲೇತ್ ಅಂದರೆ ಲೋಹದ ತುಂಡನ್ನು ತಿರುಗಿಸಿ ಕತ್ತರಿಸುವ, ಕಂಪ್ಯೂಟರ್ ನಡೆಸುವ ಯಂತ್ರ; ಅದಕ್ಕೆ ಕೊಡುವ ಆಜ್ಞೆಗಳೇ ಜಿ-ಕೋಡ್. ಅದರಲ್ಲಿ ಜಿ01 ಅಂದರೆ ಟೂಲ್ ನಾವು ಕೊಟ್ಟ ಫೀಡ್‌ನಲ್ಲಿ, ಅಂದರೆ ಮುಂದೆ ಸಾಗುವ ವೇಗದಲ್ಲಿ, ಕತ್ತರಿಸುತ್ತಾ ಹೋಗುತ್ತದೆ. ಜಿ00 ಅಂದರೆ ಪೂರ್ತಿ ವೇಗದಲ್ಲಿ ನುಗ್ಗುತ್ತದೆ, ಎದುರಿಗೆ ಜಾಬ್ (ಕತ್ತರಿಸುವ ತುಂಡು) ಇದೆಯೋ ಅದನ್ನು ಹಿಡಿಯುವ ಚಕ್ ಇದೆಯೋ ನೋಡುವುದಿಲ್ಲ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಓಡಿಸಿದ ಹಿರಿಯರು ಹ್ಯಾಂಡಲ್ ಹಿಡಿದೇ ಅದನ್ನು ಕಾಯುತ್ತಿದ್ದರು. ನಮಗೆ ಇರುವುದು ಪ್ರೋಗ್ರಾಂ ಓದುವ ಕಣ್ಣು ಮಾತ್ರ. ಅದಕ್ಕೇ ದಾವಣಗೆರೆಯ ನಮ್ಮ ಶಾಪ್‌ನಲ್ಲಿ ಜಿ00 ಕೆಂಪಗೆ ಕಾಣಲಿ ಅಂತ ಮೂರು ಎಡಿಟರ್ ಹಿಡಿದು ನೋಡಿದೆ.

ಎಲ್ಲಕ್ಕೂ ಒಂದೇ ಪರೀಕ್ಷೆ. ಮೊದಲ ಸಾಲು ಜಿ00ಎಕ್ಸ್52ಝಡ್2, ಮಧ್ಯೆ ಜಾಗವೇ ಇಲ್ಲ. ಎಕ್ಸ್, ಝಡ್ ಅಂದರೆ ಟೂಲ್ ಹೋಗಬೇಕಾದ ಸ್ಥಾನ. ಅದರ ಕೆಳಗೆ ಬರೀ ಎಕ್ಸ್48. ಆ ಎರಡನೇ ಸಾಲಲ್ಲಿ ಜಿ ಅಂತ ಎಲ್ಲೂ ಇಲ್ಲ, ಆದರೂ ಅದು ಜಿ00ರಲ್ಲೇ ಓಡುತ್ತದೆ. ಬೇರೆ ಚಲನೆಯ ಕೋಡ್ ಬರುವವರೆಗೂ ಹಳೆಯದೇ ಜಾರಿಯಲ್ಲಿರುತ್ತದೆ. ಅಪಾಯ ಇರುವುದು ಜಾಸ್ತಿ ಇಲ್ಲೇ.

ನೋಟ್‌ಪ್ಯಾಡ್ ಪ್ಲಸ್‌ಪ್ಲಸ್‌ನಲ್ಲಿ ಒಂದು ಸಾಲು ಕೋಡ್ ಬರೆಯಬೇಕಿಲ್ಲ. ಲ್ಯಾಂಗ್ವೇಜ್ ಮೆನುವಿನಲ್ಲಿ ನಮ್ಮದೇ ಭಾಷೆ ಕಟ್ಟುವ ಕಿಟಕಿ ಇದೆ. ಪದಗಳ ಪಟ್ಟಿ ತುಂಬಿ, ಬಣ್ಣ ಆರಿಸಿದರೆ ಮುಗಿಯಿತು. ಆದರೆ ಅದಕ್ಕೆ ಪದ ಅಂದರೆ ಜಾಗ ಬಿಟ್ಟು ಬರೆದದ್ದು. ಜಿ00ಎಕ್ಸ್52 ಅಂಟಿಕೊಂಡಿದ್ದರೆ ಪಟ್ಟಿಯಲ್ಲಿರುವ ಜಿ00 ಅದಕ್ಕೆ ಸಿಗುವುದಿಲ್ಲ; ಪ್ರಿಫಿಕ್ಸ್ ಮೋಡ್‌ಗೆ ಟಿಕ್ ಹಾಕಿದರೆ ಸಿಗುತ್ತದೆ, ಆದರೆ ಅಂಟಿಕೊಂಡ ಇಡೀ ಪದಕ್ಕೇ ಬಣ್ಣ ಬರುತ್ತದೆ. ರೆಜೆಕ್ಸ್ (ಅಕ್ಷರಗಳ ಮಾದರಿ ಹುಡುಕುವ ಸೂತ್ರ) ಕೊಡೋಣ ಅಂದರೆ ಅಲ್ಲಿ ಅದಕ್ಕೆ ಜಾಗವಿಲ್ಲ. ಡ್ರಾಯಿಂಗ್‌ನಿಂದ ಜಿ-ಕೋಡ್ ಮಾಡಿಕೊಡುವ ನಿಮ್ಮ ಕ್ಯಾಮ್ ಸಾಫ್ಟ್‌ವೇರ್ ಜಾಗ ಬಿಟ್ಟೇ ಬರೆಯುತ್ತದಾ? ಹಾಗಿದ್ದರೆ ಮೊದಲ ಸಾಲಿನ ಮಟ್ಟಿಗೆ ಇದೇ ಸಾಕು.

ವಿಮ್ ನನಗೆ ಇಷ್ಟ. ಒಂದು ಚಿಕ್ಕ ಸಿಂಟ್ಯಾಕ್ಸ್ ಫೈಲ್ (ಬಣ್ಣದ ನಿಯಮಗಳ ಫೈಲ್) ಬರೆದರೆ ಅಂಟಿಕೊಂಡ ಜಿ00 ಕೂಡ ಸಲೀಸಾಗಿ ಸಿಗುತ್ತದೆ. ಎರಡನೇ ಸಾಲಿಗೂ ದಾರಿ ಇದೆ: ಜಿ00ರಿಂದ ಶುರುವಾಗಿ, ಜಿ01, ಜಿ02 ಅಥವಾ ಜಿ03 ಬರುವ ತನಕ ಒಂದೇ ರೀಜನ್, ಅಂದರೆ ಒಂದೇ ಬಣ್ಣದ ಭಾಗ, ಅಂತ ಹೇಳಬಹುದು. ತೊಂದರೆ ಎಲ್ಲಿ ಅಂದರೆ, ಉದ್ದದ ಫೈಲ್‌ನಲ್ಲಿ ಒಮ್ಮೆಲೇ ಕೊನೆಗೆ ಹಾರಿದಾಗ ವಿಮ್ ಮೇಲಿಂದ ಓದಿಕೊಂಡು ಬರುವುದಿಲ್ಲ, ಬಣ್ಣ ತಪ್ಪುತ್ತದೆ. ಮೊದಲಿಂದಲೇ ಓದು ಅಂತ ಸಿಂಕ್ ಸೆಟ್ ಮಾಡಿದರೆ ಸರಿಹೋಗುತ್ತದೆ, ಆದರೆ ದೊಡ್ಡ ಫೈಲ್ ತೆವಳುತ್ತದೆ. ಇನ್ನು ನಮ್ಮ ಆಪರೇಟರ್ ಹುಡುಗರಿಗೆ ವಿಮ್ ಕಲಿಸುವ ಮಾತು ಬಿಡಿ.

ವಿಎಸ್ ಕೋಡ್‌ಗೆ ಬಣ್ಣದ ನಿಯಮಗಳನ್ನು ಟೆಕ್ಸ್ಟ್‌ಮೇಟ್ ಗ್ರಾಮರ್ ಅನ್ನುವ ರೂಪದಲ್ಲಿ ಬರೆಯಬೇಕು. ಜೇಸನ್ ಫೈಲ್, ಪ್ರತಿ ಬ್ಯಾಕ್‌ಸ್ಲ್ಯಾಷ್ ಎರಡೆರಡು ಸಲ, ನೋಡಲು ಅಸಹ್ಯ. ಆದರೆ ಅದು ಮೇಲಿಂದ ಸಾಲು ಸಾಲಾಗಿ ನೆನಪಿಟ್ಟುಕೊಂಡು ಬರುತ್ತದೆ, ಹಾಗಾಗಿ ಜಿ00ರ ಕೆಳಗಿನ ಎಕ್ಸ್48 ಫೈಲ್‌ನಲ್ಲಿ ಎಲ್ಲಿದ್ದರೂ ಕೆಂಪೇ. ವಿಮ್‌ನಿಂದ ನಿಯಮ ತರುವವರು ಒಂದು ನೋಡಿಕೊಳ್ಳಿ. ಎರಡು ನಿಯಮ ಒಂದೇ ಜಾಗದಲ್ಲಿ ಹೊಂದಿದರೆ ವಿಮ್‌ನಲ್ಲಿ ಕೊನೆಗೆ ಬರೆದದ್ದು ಗೆಲ್ಲುತ್ತದೆ, ಇಲ್ಲಿ ಮೊದಲು ಬರೆದದ್ದು. ಜಿ1ಕ್ಕೆ (ಜಿ01ನ್ನೇ ಚಿಕ್ಕದಾಗಿ ಬರೆದದ್ದು) ಬರೆದ ನಿಯಮ ಬೇರೆಯದೇ ಆದ ಜಿ17ಕ್ಕೂ ತಗುಲದಂತೆ, ಮುಂದೆ ಅಂಕಿ ಇರಬಾರದು ಅಂತಲೂ ಸೇರಿಸಿ. ಯಾವ ಅಕ್ಷರಕ್ಕೆ ಯಾವ ನಿಯಮ ಬಿತ್ತು ಅಂತ ತೋರಿಸುವ ಟೋಕನ್ ಇನ್‌ಸ್ಪೆಕ್ಟರ್ ಒಳಗೇ ಇದೆ, ಅರ್ಧ ತಲೆನೋವು ಅಲ್ಲೇ ಕಡಿಮೆ.

ಕೋಡ್‌ನ ರಚನೆಯನ್ನೇ ಬಿಡಿಸಿ ಓದುವ ಪಾರ್ಸರ್ ಕಟ್ಟಿಕೊಡುವ ಟ್ರೀ-ಸಿಟ್ಟರ್ ಯಾಕೆ ಬಿಟ್ಟೆ ಅಂತ ಕೇಳಬಹುದು. ನೋಡ್.ಜೆಎಸ್, ಸಿ ಕಂಪೈಲರ್ ಎಲ್ಲ ಹಾಕಿಕೊಂಡು ಪಾರ್ಸರ್ ಕಟ್ಟುವಷ್ಟು ವ್ಯಾಕರಣ ಜಿ-ಕೋಡ್‌ಗೆ ಇಲ್ಲ.

ಶಾಪ್‌ನ ಕಂಪ್ಯೂಟರ್‌ಗೆ ಹಾಕಿದ್ದು ವಿಎಸ್ ಕೋಡ್‌ನದ್ದೇ. ಎಕ್ಸ್‌ಟೆನ್ಷನ್ ಒಂದೇ ಫೈಲ್, ಪೆನ್‌ಡ್ರೈವ್‌ನಲ್ಲಿ ಹೋಗುತ್ತದೆ. ಜಿ00ರ ಸ್ಕೋಪ್ ಹೆಸರು (ಯಾವ ಬಣ್ಣ ಅಂತ ಥೀಮ್ ನೋಡಿಕೊಳ್ಳುವ ಗುರುತು) ಇನ್‌ವ್ಯಾಲಿಡ್ ಅಂತ ಶುರುವಾಗುವ ಹಾಗೆ ಇಟ್ಟಿದ್ದೇನೆ, ಬಹುತೇಕ ಥೀಮ್‌ಗಳು ಅದನ್ನು ತಾವಾಗಿಯೇ ಕೆಂಪು ಮಾಡುತ್ತವೆ.